ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿಯ ಬೆಸ್ಟ್ ಕೋಚ್ ಯಾರು?

ಪ್ರಶ್ನೆ (ದಾವಣಗೆರೆ): ಬೆಣ್ಣೆ ದೋಸೆ ಹೋಟೆಲಲ್ಲಿ ಗೆಳೆಯರ ಜೊತೆ ಇದೇ ವಾದ. ನನಗೆ ಆಶ್ಲೆ ವೆಸ್ಟ್‌ವುಡ್ ಮೊದಲು. 2013ರಲ್ಲಿ ಹುಟ್ಟಿದ ತಂಡಕ್ಕೆ ಮೊದಲ ಸೀಸನ್‌ನಲ್ಲೇ ಆಗಿನ ದೇಶದ ದೊಡ್ಡ ಲೀಗ್ ಆದ ಐ-ಲೀಗ್ ಗೆದ್ದುಕೊಟ್ಟರು. ನೀವೇನಂತೀರಿ?

ಪಿ.ಜೆ. ಬಡಾವಣೆ: ಆಲ್ಬರ್ಟ್ ರೋಕಾ! 2016ರಲ್ಲಿ ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮದು. ದೋಹಾದಲ್ಲಿ 1-0ರಿಂದ ಸೋತರೂ, ಸುಮ್ನೆ ಉದ್ದಕ್ಕೆ ಒದೆಯದೆ ಹಿಂದಿನಿಂದ ಪಾಸ್ ಮಾಡುತ್ತಾ ಆಡುವುದನ್ನು ಕಲಿಸಿದ್ದು ಅವರೇ ಅಲ್ವಾ?

ಪ್ರಶ್ನೆ ಕೇಳಿದವನು: ಆ ಕಪ್‌ನಲ್ಲಿ ಕ್ವಾರ್ಟರ್‌ಫೈನಲ್‌ವರೆಗೆ ತಂದದ್ದು ವೆಸ್ಟ್‌ವುಡ್. ರೋಕಾ ಬಂದದ್ದು ಆಮೇಲೆ.

ಚಿತ್ರದುರ್ಗ: ಕಾರ್ಲೆಸ್ ಕ್ವಾಡ್ರಾಟ್ ಹೆಸರೇ ಇಲ್ಲವಲ್ಲ! 2019ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್, ಮುಂಬೈ, ಎದುರು ಗೋವಾ, 117ನೇ ನಿಮಿಷ. ಡಿಮಾಸ್ ಕಾರ್ನರ್ ಹೊಡೆದರು, ರಾಹುಲ್ ಭೆಕೆ ತಲೆ ಕೊಟ್ಟರು, ಗೋಲ್. ನಮಗಿರುವ ಒಂದೇ ಐಎಸ್‌ಎಲ್ ಕಪ್ ಅದು. ರೋಕಾಗೆ ಸಹಾಯಕರಾಗಿದ್ದ ಕ್ವಾಡ್ರಾಟ್, ರೋಕಾ ಕಲಿಸಿದ ಆಟವನ್ನೇ ಇನ್ನೂ ಗಟ್ಟಿ ಮಾಡಿದರು. ನನಗೆ ಕ್ವಾಡ್ರಾಟ್, ವೆಸ್ಟ್‌ವುಡ್, ರೋಕಾ.