ಜರ್ಮನಿಯ ವಿದ್ಯಾರ್ಥಿ ವೀಸಾ: ಶುಲ್ಕ ಎಷ್ಟು, ಠೇವಣಿ ಎಷ್ಟು?

ಪ್ರಶ್ನೆ (ಭಾಲ್ಕಿ, ಬೀದರ್ ಜಿಲ್ಲೆ):
ಮೆಕ್ಯಾನಿಕಲ್ ಬಿ.ಇ. ಮುಗಿಸಿದ ನನ್ನ ತಂಗಿಗೆ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಸ್ನಾತಕೋತ್ತರ ಪ್ರವೇಶ ದೊರೆತಿದೆ. ವೀಸಾ ಶುಲ್ಕವೇ ಹನ್ನೆರಡು ಲಕ್ಷದ ಆಸುಪಾಸು ಎಂದು ಏಜೆಂಟರೊಬ್ಬರು ಹೇಳಿದ್ದರಿಂದ ಅಪ್ಪ ತೊಗರಿ ಬೆಳೆಯುವ ಹೊಲವನ್ನೇ ಮಾರುವ ಮಾತಾಡುತ್ತಿದ್ದಾರೆ. ಇದು ನಿಜವೇ? ಹತ್ತಿರದ ಹೈದರಾಬಾದಿನಲ್ಲಿ ಅರ್ಜಿ ಸಲ್ಲಿಸಬಹುದೇ?

ಉತ್ತರ 1 (ಕಲಬುರಗಿ):
ದಯವಿಟ್ಟು ಹೊಲ ಮಾರಬೇಡಿ. ವೀಸಾ ಶುಲ್ಕ 75 ಯೂರೋ ಮಾತ್ರ. ಏಜೆಂಟರು ಹೇಳಿದ್ದು ಬ್ಲಾಕ್ಡ್ ಅಕೌಂಟಿನ (ಅಲ್ಲಿನ ಜೀವನದ ಖರ್ಚಿಗೆಂದು ಮೊದಲೇ ಠೇವಣಿ ಇಡುವ ಖಾತೆ) ಮೊತ್ತವಿರಬೇಕು: 2024ರ ಸೆಪ್ಟೆಂಬರಿನಿಂದ ಅದು ವರ್ಷಕ್ಕೆ 11,904 ಯೂರೋ. ಈ ಹಣ ನಿಮ್ಮ ತಂಗಿಯ ಹೆಸರಿನಲ್ಲೇ ಇರುತ್ತದೆ. ಅಲ್ಲಿಗೆ ಹೋದ ಮೇಲೆ ಊಟ, ಬಾಡಿಗೆಗೆಂದು ತಿಂಗಳಿಗೆ 992 ಯೂರೋದಂತೆ ಅವರ ಕೈಗೇ ಬರುತ್ತದೆ. ಇದನ್ನು ಶಿಕ್ಷಣ ಸಾಲದಿಂದಲೂ ತುಂಬಬಹುದು. ಠೇವಣಿಯನ್ನು ಶುಲ್ಕವೆಂದು ಹೇಳುವವರ ಬಳಿ ಉಳಿದ ಕೆಲಸವನ್ನೂ ಒಪ್ಪಿಸದಿರುವುದು ಲೇಸು.

ಉತ್ತರ 2 (ಹುಮನಾಬಾದ್):
ಹೈದರಾಬಾದ್ ನಮಗೆ ಎಷ್ಟೇ ಹತ್ತಿರವಿದ್ದರೂ ಕರ್ನಾಟಕದ ನಿವಾಸಿಗಳು ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ವ್ಯಾಪ್ತಿಗೆ ಸೇರುತ್ತಾರೆ. ಭಾರತದಲ್ಲಿ ಓದಿದವರು ಸಾಮಾನ್ಯವಾಗಿ ಎ.ಪಿ.ಎಸ್. ಪ್ರಮಾಣಪತ್ರವನ್ನೂ (ಓದಿನ ದಾಖಲೆಗಳು ಅಸಲಿ ಎಂಬ ದೃಢೀಕರಣ) ಲಗತ್ತಿಸಬೇಕು.

ಉತ್ತರ 3 (ಯಾದಗಿರಿ):
ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವಾದರೆ ನಮ್ಮಂಥ ಹೊರದೇಶದವರು ಸೆಮಿಸ್ಟರಿಗೆ 1,500 ಯೂರೋ ಬೋಧನಾ ಶುಲ್ಕವನ್ನೂ ಕಟ್ಟಬೇಕಾಗುತ್ತದೆ. ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಅವಕಾಶವಿದೆಯಾದರೂ, ಆ ಗಳಿಕೆಯನ್ನು ನೆಚ್ಚಿಕೊಂಡು ಮೊದಲ ವರ್ಷದ ಲೆಕ್ಕ ಹಾಕಬೇಡಿ. ಅರ್ಜಿ ತಿರಸ್ಕೃತವಾದರೆ ಮರುಪರಿಶೀಲನೆ ಕೋರುವ ಉಚಿತ ವ್ಯವಸ್ಥೆ 2025ರ ಜುಲೈ 1ರಿಂದ ರದ್ದಾಗಿರುವುದರಿಂದ, ಕಾಗದಪತ್ರಗಳನ್ನು ಮೊದಲ ಸಲವೇ ಸರಿಯಾಗಿ ಜೋಡಿಸಿಕೊಳ್ಳಿ.