ಮಾವ ಕಳಿಸಿದ ಫಾರ್ವರ್ಡ್: ಹಾರುವ ಕಾರು ಎಲ್ಲಿ ಹೋಯಿತು?

ಮಾವ: (ಫಾರ್ವರ್ಡ್ ಆದ ಸಂದೇಶ) "ನಮಗೆ ಹೇಳಿದ್ದು: 2000ನೇ ಇಸವಿಗೆ ಕಾರುಗಳು ಹಾರುತ್ತವೆ, ಚಂದ್ರನ ಮೇಲೆ ಊರು ಕಟ್ಟುತ್ತಾರೆ, ಮನೆಕೆಲಸವೆಲ್ಲ ರೋಬೋಟ್ ಮಾಡುತ್ತದೆ. ನಮಗೆ ಸಿಕ್ಕಿದ್ದು: ದಿನವಿಡೀ ತಲೆ ಬಗ್ಗಿಸಿ ನೋಡುವ ಒಂದು ಫೋನ್. ಇದೇ ಪಂಡಿತರು 1943ರಲ್ಲಿ ಇಡೀ ಜಗತ್ತಿಗೆ ಐದು ಕಂಪ್ಯೂಟರ್ ಸಾಕು ಎಂದಿದ್ದರು. ಭವಿಷ್ಯ ಹೇಳುವವರನ್ನು ನಂಬಬೇಡಿ. ಎಲ್ಲರಿಗೂ ಕಳಿಸಿ."

ಮಾವ: ಇದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಪತ್ರಿಕೆಯಲ್ಲಿ ಇಂಥದೇ ಚಿತ್ರ ನೋಡಿದ್ದೆ. ಗಾಜಿನ ಗುಮ್ಮಟದೊಳಗೆ ಊರು, ಮೇಲೆ ಕಪ್ಪು ಆಕಾಶ. ದೊಡ್ಡವನಾದ ಮೇಲೆ ಅಲ್ಲಿಗೆ ಹೋಗುತ್ತೇನೆ ಎಂದೇ ನಂಬಿದ್ದೆ.

ತಮ್ಮ: ಮಾವ, ಒಂದು ಸುಳ್ಳಿದೆ. ಆ ಐದು ಕಂಪ್ಯೂಟರ್ ಮಾತು. ಕಂಪ್ಯೂಟರ್ ಕಂಪನಿ ಐಬಿಎಂನ ಮುಖ್ಯಸ್ಥರಾಗಿದ್ದ ಥಾಮಸ್ ವಾಟ್ಸನ್ ಹೇಳಿದ್ದು ಅಂತ ಎಲ್ಲ ಕಡೆ ಓಡಾಡುತ್ತದೆ. ಅವರು ಹಾಗೆ ಹೇಳಿದ್ದಕ್ಕೆ ದಾಖಲೆಯೇ ಇಲ್ಲ. 640 ಕೆಬಿ ಮೆಮೊರಿ ಯಾರಿಗಾದರೂ ಸಾಕು ಅಂತ ಬಿಲ್ ಗೇಟ್ಸ್ ಅಂದರು ಅನ್ನುತ್ತಾರಲ್ಲ, ಅದೂ ಅಷ್ಟೇ. ನಾನು ಹೇಳಿಲ್ಲ ಎಂದು ಅವರೇ ಹೇಳಿದ್ದಾರೆ.

ಮಾವ: ಸರಿ, ಒಂದು ಸಾಲು ತಪ್ಪು. ಅದಕ್ಕೆ ಉಳಿದದ್ದೂ ತಪ್ಪಾ?

ನಾನು: ಉಳಿದದ್ದರಲ್ಲೂ ನನಗೆ ಒಂದು ತಕರಾರಿದೆ ಮಾವ. ತಪ್ಪಿದ್ದನ್ನು ಮಾತ್ರ ಆರಿಸಿ ಸಾಲಾಗಿ ಬರೆದಿದ್ದಾರೆ. 1900ರಲ್ಲಿ ಅಮೆರಿಕದ ಲೇಡೀಸ್ ಹೋಮ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಜಾನ್ ಎಲ್ಫ್ರೆತ್ ವಾಟ್ಕಿನ್ಸ್ ಅನ್ನುವವರು ಮುಂದಿನ ನೂರು ವರ್ಷದ ಬಗ್ಗೆ ಒಂದು ಪಟ್ಟಿ ಬರೆದರು. ತಂತಿಯಿಲ್ಲದ ಫೋನಿನಲ್ಲಿ ಜಗತ್ತಿನ ಯಾವ ಮೂಲೆಗಾದರೂ ಮಾತಾಡಬಹುದು ಎಂದರು. ಎಷ್ಟೇ ದೂರದಿಂದಲೂ ಫೋಟೊ ಕಳಿಸಬಹುದು ಎಂದರು, ಅದೂ ಬಣ್ಣದಲ್ಲಿ. ಇವತ್ತು ಬೆಳಿಗ್ಗೆ ನೀವು ಮಾಡಿದ್ದು ಅದನ್ನೇ ಅಲ್ವಾ?

ಮಾವ: ಅದೇ ಪಟ್ಟಿಯಲ್ಲಿ ತಪ್ಪಿದ್ದು ಏನೂ ಇಲ್ಲವಾ?

ನಾನು: ಇದೆ. ಸೊಳ್ಳೆ, ನೊಣ ಇರುವುದಿಲ್ಲ ಎಂದರು. ಇಂಗ್ಲಿಷಿನಲ್ಲಿ ಸಿ, ಎಕ್ಸ್, ಕ್ಯೂ ಅಕ್ಷರಗಳು ಹೋಗುತ್ತವೆ ಎಂದರು. ಸೊಳ್ಳೆ ಹೋಗಿಲ್ಲ. ಮಲೇರಿಯಾ ಒಂದರಿಂದಲೇ ಜಗತ್ತಿನಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಜನ ಈಗಲೂ ಸಾಯುತ್ತಾರೆ. ಆ ಭವಿಷ್ಯ ನಿಜವಾಗಿದ್ದರೆ ಹಾರುವ ಕಾರಿಗಿಂತ ಎಷ್ಟೋ ದೊಡ್ಡದಾಗಿರುತ್ತಿತ್ತು.

ಭಾವ: ನಾನು ಮಾವನವರ ಪರ. ಒಂದೋ ಎರಡೋ ಗುರಿಗೆ ಬಿದ್ದವು ಅಂದ ಮಾತ್ರಕ್ಕೆ ದಾರಿ ಗೊತ್ತಿತ್ತು ಎನ್ನಲಾಗದು. 1940ರಲ್ಲಿ ಹೆನ್ರಿ ಫೋರ್ಡ್ ಅವರೇ ವಿಮಾನ ಮತ್ತು ಕಾರು ಎರಡೂ ಆದ ಗಾಡಿ ಬಂದೇ ಬರುತ್ತದೆ ಎಂದಿದ್ದರು. ಕಾರು ಮಾಡುವವರಿಗೇ ಕಾರಿನ ಮುಂದಿನ ದಾರಿ ಕಾಣಲಿಲ್ಲ. ನೆಲದ ಮೇಲೆ ನಿಂತ ಗಾಡಿಯ ಭಾರವನ್ನು ರಸ್ತೆ ಹೊರುತ್ತದೆ. ಗಾಳಿಯಲ್ಲಿ ನಿಂತದ್ದು ಪ್ರತಿ ಕ್ಷಣವೂ ತನ್ನ ಭಾರ ತಾನೇ ಹೊರಬೇಕು. ಎಂಜಿನ್ ಕೆಟ್ಟರೆ ರಸ್ತೆಯ ಪಕ್ಕಕ್ಕೆ ನಿಲ್ಲಿಸಲೂ ಆಗುವುದಿಲ್ಲ. ಇದು ಅವತ್ತೂ ಗೊತ್ತಿದ್ದ ಲೆಕ್ಕ.

ಅಕ್ಕ: 1955ರಲ್ಲಿ ವ್ಯಾಕ್ಯೂಮ್ ಕ್ಲೀನರ್ ಕಂಪನಿಯೊಂದರ ಮುಖ್ಯಸ್ಥರು ಹತ್ತು ವರ್ಷದಲ್ಲಿ ಅಣುಶಕ್ತಿಯಿಂದ ಓಡುವ ಕ್ಲೀನರ್ ಬರುತ್ತದೆ ಎಂದಿದ್ದರಂತೆ. ಮಕ್ಕಳು ಹರಿದಾಡುವ ನೆಲದ ಮೇಲೆ ಅಣುಯಂತ್ರ! ಅವತ್ತು ಯಾರಿಗೂ ಭಯ ಅನ್ನಿಸಲಿಲ್ಲವಾ?

ನಾನು: ನನಗೆ ಕಾರು, ಅಣುಶಕ್ತಿಗಿಂತ ಜಾಸ್ತಿ ಕಾಡುವುದು ವಿಡಿಯೊ ಕಾಲ್ ಕಥೆ. 1964ರ ನ್ಯೂಯಾರ್ಕ್ ಜಾಗತಿಕ ಮೇಳದಲ್ಲಿ ಬೆಲ್ ಅನ್ನುವ ಟೆಲಿಫೋನ್ ಕಂಪನಿ ಪಿಕ್ಚರ್‌ಫೋನ್ ತೋರಿಸಿತು. ಮುಖ ನೋಡಿಕೊಂಡು ಮಾತಾಡುವ ಫೋನ್. ಜನ ಸಾಲು ನಿಂತು ನೋಡಿದರು. 1970ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸೇವೆ ಶುರುವಾಯಿತು. ತಿಂಗಳಿಗೆ 160 ಡಾಲರ್, ಅಷ್ಟಕ್ಕೆ ಸಿಗುತ್ತಿದ್ದದ್ದು 30 ನಿಮಿಷದ ಮಾತು. ಹೆಚ್ಚು ಜನ ತೆಗೆದುಕೊಳ್ಳಲಿಲ್ಲ. ದುಬಾರಿ ಅನ್ನುವುದು ಒಂದು ಕಾರಣ. ಎದುರಿನವರ ಹತ್ತಿರವೂ ಅದೇ ಫೋನ್ ಇರಬೇಕಿತ್ತು, ಅದು ಇನ್ನೊಂದು. ಜೊತೆಗೆ, ಫೋನ್ ಬಂದಾಗಲೆಲ್ಲ ಮುಖ ತೋರಿಸಲು ಜನಕ್ಕೆ ಇಷ್ಟ ಇರಲಿಲ್ಲ. ಯಂತ್ರ ಸರಿಯಾಗಿಯೇ ಇತ್ತು ಮಾವ. ಮನುಷ್ಯರ ಲೆಕ್ಕ ತಪ್ಪಿತ್ತು.

ಮಾವ: ಆದರೆ ಈಗ ಎಲ್ಲರೂ ಮಾಡುತ್ತಾರಲ್ಲ.

ನಾನು: ಹೌದು, ಮೊಮ್ಮಕ್ಕಳ ಮುಖ ನೋಡುವುದಕ್ಕೆ, ಮೀಟಿಂಗಿಗೆ. ಅದು ಬಿಟ್ಟರೆ ನಾವು ಜಾಸ್ತಿ ಮಾಡುವುದು ಹೀಗೆ ಟೈಪ್ ಮಾಡುವುದನ್ನೇ. ಜನ ಕೂತು ಪುಟಗಟ್ಟಲೆ ಬೆರಳಲ್ಲಿ ಒತ್ತುತ್ತಾರೆ ಎಂದು 1964ರ ಆ ಮೇಳದಲ್ಲಿ ಯಾರೂ ಚಿತ್ರ ಬರೆದು ತೋರಿಸಿರಲಿಲ್ಲ.

ಭಾವ: ರೋಬೋಟ್ ವಿಷಯಕ್ಕೆ ಬನ್ನಿ. ಅಲ್ಲಿ ಮಾವನವರ ಮಾತಿಗೆ ಉತ್ತರ ಇಲ್ಲ. 1957ರಲ್ಲಿ ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ವಿಜ್ಞಾನಿ ಹತ್ತು ವರ್ಷದಲ್ಲಿ ಕಂಪ್ಯೂಟರ್ ಚೆಸ್ ಚಾಂಪಿಯನ್ ಆಗುತ್ತದೆ ಎಂದರು. ಆಗಿದ್ದು 1997ರಲ್ಲಿ, ಡೀಪ್ ಬ್ಲೂ ಎಂಬ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿದಾಗ. ಹತ್ತು ವರ್ಷ ಅಂದದ್ದು ನಲವತ್ತಾಯಿತು. ಅದಾಗಿ ಹದಿಮೂರು ವರ್ಷಕ್ಕೆ, 2010ರಲ್ಲಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ರೋಬೋಟ್ ಒಂದು ಟವೆಲ್ ಮಡಚಿತು. ಒಂದು ಟವೆಲ್‌ಗೆ ಸುಮಾರು 25 ನಿಮಿಷ. ಲೋಕದ ಚಾಂಪಿಯನ್ನನ್ನು ಸೋಲಿಸುವುದು ಸುಲಭ, ಟವೆಲ್ ಕಷ್ಟ. ಚೆಸ್‌ನಲ್ಲಿ 64 ಮನೆ, ನಿಯಮ ಬದಲಾಗುವುದಿಲ್ಲ. ಮುದ್ದೆಯಾಗಿ ಬಿದ್ದ ಟವೆಲ್ ಒಂದೊಂದು ಸಲ ಒಂದೊಂದು ಆಕಾರ.

ಅಮ್ಮ: ನೋಡಿ, ಮಡಚುವುದು ಕೆಲಸ ಅಂತ ಒಪ್ಪುವುದಕ್ಕೆ ಒಂದು ಯಂತ್ರ ಬರಬೇಕಾಯಿತು.

ಅಮ್ಮ: ನಾನು ಒಂದು ಮಾತು ಹೇಳುತ್ತೇನೆ ಅಣ್ಣ. ನಮ್ಮ ಮನೆಗೆ ವಾಷಿಂಗ್ ಮೆಷಿನ್ ಬಂದಾಗ ಇನ್ನು ಬಿಡುವು ಸಿಗುತ್ತದೆ ಅಂದುಕೊಂಡಿದ್ದೆ. ಮೊದಲು ವಾರಕ್ಕೆ ಎರಡು ಸಲ ಒಗೆಯುತ್ತಿದ್ದೆ. ಕೈಯಲ್ಲಿ ಉಜ್ಜಿ ಬೆನ್ನು ನೋವು ಬರುತ್ತಿತ್ತು, ಅದು ನಿಂತಿತು, ಅದಕ್ಕೆ ಮೆಷಿನ್‌ಗೆ ಕೈ ಮುಗಿಯುತ್ತೇನೆ. ಆದರೆ ಎಲ್ಲರೂ ದಿನಾ ಬಟ್ಟೆ ಬದಲಿಸುವುದಕ್ಕೆ ಶುರು ಮಾಡಿದರು. ಒಂದು ಸಲ ಹಾಕಿದ ಅಂಗಿಯೂ ಮೆಷಿನ್‌ಗೆ. ಈಗ ದಿನಾ ಒಗೆಯಬೇಕು, ಹರವಬೇಕು, ಮಡಚಬೇಕು. ಬಿಡುವು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ.

(ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ)

ನಾನು: ಅಮ್ಮ, ನೀನು ಹೇಳಿದ್ದನ್ನೇ ಇತಿಹಾಸ ಬರೆಯುವ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಒಂದು ಪುಸ್ತಕವಾಗಿ ಬರೆದರು. ಅಮೆರಿಕದ ಮನೆಗಳ ಕಥೆ. ಸೌದೆ ಒಡೆಯುವುದು ಗಂಡಸರ ಕೆಲಸವಾಗಿತ್ತು, ಸ್ಟೌವ್ ಬಂದ ಮೇಲೆ ಅದು ಹೋಯಿತು. ಕಾರ್ಪೆಟ್ ಹೊರಗೆ ಹಾಕಿ ಬಡಿಯುವುದಕ್ಕೆ ಗಂಡಸರು, ಮಕ್ಕಳು ಕೈ ಹಾಕುತ್ತಿದ್ದರು, ವ್ಯಾಕ್ಯೂಮ್ ಕ್ಲೀನರ್ ಬಂದ ಮೇಲೆ ಹೆಂಗಸೊಬ್ಬಳೇ ಸಾಕು ಎಂದಾಯಿತು. ಯಂತ್ರ ಬಂದಷ್ಟೂ ಉಳಿದವರು ಒಬ್ಬೊಬ್ಬರೇ ಕೆಲಸದಿಂದ ಎದ್ದು ಹೋದರು. ಅವಳು ಉಳಿದಳು. ಸ್ವಚ್ಛ ಅನ್ನುವುದರ ಅಳತೆಯೂ ಏರುತ್ತಾ ಹೋಯಿತು.

ನಾನು: ಮುಂದಿನ ಕಾಲದ ಮನೆ ಹೀಗಿರುತ್ತದೆ ಎಂದು ಬರೆದ ಹಳೆಯ ಚಿತ್ರಗಳನ್ನು ನೋಡಿದಾಗ ನನಗೆ ಸಂಕಟ ಆಗುವುದು ಇದಕ್ಕೇ. ಅಡುಗೆಮನೆ ತುಂಬ ಗುಂಡಿ ಒತ್ತುವ ಯಂತ್ರ ಬರೆದರು. ಗುಂಡಿ ಒತ್ತುವ ಕೈ ಮಾತ್ರ ಹೆಂಗಸಿನದೇ. ನೂರು ವರ್ಷ ಮುಂದೆ ನೋಡಬಲ್ಲವರಿಗೆ ಆ ಕೈ ಬದಲಾಗಬಹುದು ಅನ್ನಿಸಲೇ ಇಲ್ಲ.

ಭಾವ: ಅದು ನಿಜ. ಆದರೆ ಎಲ್ಲ ಬಿಡುವೂ ಕಳೆದುಹೋಯಿತು ಎನ್ನುವುದು ಸರಿಯಲ್ಲ. 1930ರಲ್ಲಿ ಕೇನ್ಸ್ ಎಂಬ ಅರ್ಥಶಾಸ್ತ್ರಜ್ಞರು ನೂರು ವರ್ಷದಲ್ಲಿ ವಾರಕ್ಕೆ 15 ಗಂಟೆ ದುಡಿದರೆ ಸಾಕು ಎಂದರು. 15ಕ್ಕೆ ಇಳಿದಿಲ್ಲ, ಆದರೆ ಶ್ರೀಮಂತ ದೇಶಗಳಲ್ಲಿ ಅವತ್ತಿಗಿಂತ ಕಡಿಮೆಯಾಗಿದೆ. ಯಂತ್ರದಿಂದಲೇ ತಾನೇ?

ಅಕ್ಕ: ಯಂತ್ರದಿಂದ ಅಲ್ಲ ರೀ. ಕಾನೂನಿನಿಂದ. ಅಮೆರಿಕದಲ್ಲಿ 1938ರಲ್ಲಿ ಕಾಯ್ದೆ ಬಂತು, 1940ರ ಹೊತ್ತಿಗೆ ವಾರಕ್ಕೆ 40 ಗಂಟೆ ದಾಟಿದರೆ ಜಾಸ್ತಿ ಸಂಬಳ ಕೊಡಬೇಕು ಎಂದಾಯಿತು. ಕಾರ್ಮಿಕರು ವರ್ಷಗಟ್ಟಲೆ ಹೋರಾಡಿ ಪಡೆದದ್ದು ಅದು. ಯಂತ್ರದ ಪಾಡಿಗೆ ಬಿಟ್ಟಿದ್ದರೆ ಏನಾಗುತ್ತಿತ್ತು ಅನ್ನುವುದಕ್ಕೆ ನನ್ನ ಫೋನ್ ನೋಡಿ. ರಾತ್ರಿ ಹತ್ತಕ್ಕೆ ಆಫೀಸಿನ ಮೆಸೇಜ್. ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು ಎಂದು ಖುಷಿಯಿಂದ ಹೇಳಿದ್ದ ಭವಿಷ್ಯ ನಿಜವಾಗಿದೆ. ಎಲ್ಲಿ ಹೋದರೂ ಕೆಲಸ ಬೆನ್ನು ಬಿಡುವುದಿಲ್ಲ.

ಭಾವ: ಹ್ಞೂಂ. ಇದನ್ನು ನಾನು ಯೋಚಿಸಿರಲಿಲ್ಲ.

ಮಾವ: ನೀವೆಲ್ಲ ಮನೆಕೆಲಸ, ಆಫೀಸು ಎನ್ನುತ್ತಿದ್ದೀರಿ. ನಾನು ಕೇಳಿದ್ದು ಚಂದ್ರನ ಬಗ್ಗೆ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ತಮ್ಮ: ಮಾವ, ಅಲ್ಲಿಯೂ ತಪ್ಪಿದ್ದು ಯಂತ್ರ ಅಲ್ಲ. 1969ರಿಂದ 1972ರ ಒಳಗೆ 12 ಜನ ಅಲ್ಲಿ ನಡೆದಾಡಿದರು. ಅವರ ನೌಕೆಯ ಕಂಪ್ಯೂಟರಿಗೆ ಬರೆದು ಅಳಿಸುವ ಮೆಮೊರಿ ಇದ್ದದ್ದು ಸುಮಾರು 4 ಕೆಬಿ ಮಾತ್ರ. ಅಷ್ಟರಲ್ಲೇ ಹೋಗಿ ಬಂದರು. ಆಮೇಲೆ ಹಣ ನಿಂತಿತು. 1966ರಲ್ಲಿ ಅಮೆರಿಕ ಸರ್ಕಾರದ ಖರ್ಚಿನಲ್ಲಿ ಶೇ 4ಕ್ಕಿಂತ ಜಾಸ್ತಿ ನಾಸಾಗೆ ಹೋಗುತ್ತಿತ್ತು. ಈಗ ಶೇ 1 ಕೂಡ ಇಲ್ಲ. ರಷ್ಯಾಕ್ಕಿಂತ ಮೊದಲು ಮುಟ್ಟಬೇಕಿತ್ತು, ಮುಟ್ಟಿದರು, ಸಾಕು ಎಂದರು.

ಮಾವ: ಸಾಕು ಎಂದರು. ಅದೇ ನನಗೆ ನೋವು. ಆಗುವುದಿಲ್ಲ ಎಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆ.

ನಾನು: ಆ ನೋವು ನ್ಯಾಯವಾದದ್ದೇ ಮಾವ. ನಾನು ಅದನ್ನು ಅಲ್ಲಗಳೆಯುತ್ತಿಲ್ಲ. ಭವಿಷ್ಯ ಹೇಳಿದವರನ್ನು ನಂಬಬೇಡಿ ಅನ್ನುವ ಆ ಸಾಲಿನ ಜೊತೆ ಮಾತ್ರ ನನ್ನ ಜಗಳ. ಯಂತ್ರ ಏನು ಮಾಡಬಲ್ಲದು ಎಂದು ಅವರಲ್ಲಿ ಕೆಲವರು ಚೆನ್ನಾಗಿಯೇ ಊಹಿಸಿದ್ದರು. ಅದನ್ನು ಯಾರಿಗೆ, ಯಾವುದಕ್ಕೆ ಬಳಸಬೇಕು ಎಂದು ತೀರ್ಮಾನ ಮಾಡಿದವರು ಬೇರೆಯವರು. ನಾವು ಅವರನ್ನು ಕೇಳುವುದೇ ಇಲ್ಲ. ಈಗಲೂ ಎಐ ಎಲ್ಲರ ಕೆಲಸ ಹಗುರ ಮಾಡುತ್ತದೆ ಅಂತ ದಿನಾ ಓದುತ್ತೇವೆ. ಉಳಿದ ಸಮಯ ಯಾರ ಕೈಗೆ ಹೋಗುತ್ತದೆ ಎಂದು ಈಗಲೇ ಕೇಳಬೇಕು.

ಅಮ್ಮ: ನಮ್ಮ ಮನೆಯಲ್ಲಿ ಯಾರ ಕೈಗೆ?

ತಮ್ಮ: ಅಮ್ಮ, ಇವತ್ತಿನ ಬಟ್ಟೆ ನಾನು ಹರವುತ್ತೇನೆ.

ಅಮ್ಮ: ನಾಳೆಯದು?

ತಮ್ಮ: ನಾಳೆಯದೂ. ಭಾನುವಾರದ ತನಕ ನನ್ನದೇ. ಆಮೇಲೆ ಯಾರು ಅಂತ ಇಲ್ಲೇ ಬರೆದು ಇಟ್ಟುಕೊಳ್ಳೋಣ.

ಮಾವ: ಐದು ಕಂಪ್ಯೂಟರ್ ಸಾಲು ತೆಗೆದಿದ್ದೇನೆ. ಬೇರೆ ಎರಡು ಗುಂಪಿಗೂ ಕಳಿಸಿದ್ದೆ, ಅಲ್ಲಿಯೂ ಆ ಮಾತು ಸುಳ್ಳು ಎಂದು ಹಾಕುತ್ತೇನೆ. ಉಳಿದದ್ದಕ್ಕೆ ನನ್ನ ಮಾತು ಬದಲಾಗಿಲ್ಲ.

ಮಾವ: ಪುಟ್ಟಿ, ಆ 1900ರ ಪಟ್ಟಿ ಪೂರ್ತಿ ಕನ್ನಡದಲ್ಲಿ ಬರೆದು ಕಳಿಸು. ಸಂಜೆ ಫೋನ್ ಮಾಡುತ್ತೇನೆ. ವಿಡಿಯೊ ಬೇಡ, ಸುಮ್ನೆ ಮಾತಾಡೋಣ.