ಟ್ರ್ಯಾಕಿಂಗ್ ಸಾಫ್ಟ್‌ವೇರ್‌ನಾಗ ಹೊಸ ಫೀಚರ್ ಬಂದಾವ, ಯಾವ್ದು ಆನ್ ಮಾಡೂದು? (12 ಲಾರಿ, 6 ಟಿಪ್ಪರ್)

ಹುಬ್ಬಳ್ಳಿ_ಲೋಡ್

ನಮಸ್ಕಾರ್ರೀ. ನಮ್ಮಲ್ಲಿ 18 ಗಾಡಿ ಅದಾವ. 12 ಟೆನ್ ವೀಲರ್ ಲಾರಿ, ಇವು ಯಲ್ಲಾಪುರ-ಅಂಕೋಲಾ ಮ್ಯಾಲೆ ಮಂಗಳೂರಿಗೆ ಇಲ್ಲಾ ಬೆಂಗಳೂರಿಗೆ ಓಡ್ತಾವ. 6 ಟಿಪ್ಪರ್ ಕ್ವಾರಿ ಕೆಲಸಕ್ಕ. ಎಲ್ಲಾದಕ್ಕೂ 4ಜಿ ಜಿಪಿಎಸ್ ಡಿವೈಸ್ ಐತಿ. ಇಲ್ಲೀತನಕ ಮ್ಯಾಪ್ ನೋಡೂದು ಬಿಟ್ರ ಬ್ಯಾರೆ ಏನೂ ಬಳಸಿಲ್ಲ.

ಈಗ ಹೊಸ ವರ್ಶನ್ ಬಂದೈತಿ. ಡೀಸೆಲ್ ಗ್ರಾಫ್, ಡೀಸೆಲ್ ಕಳವಿನ ಅಲರ್ಟ್, ಡ್ರೈವರ್ ಸ್ಕೋರ್, ರೂಟ್ ಬಿಟ್ಟರ ಅಲರ್ಟ್, ಇ-ವೇ ಬಿಲ್ (ಸರಕು ಸಾಗಸೂ ಜಿಎಸ್‌ಟಿ ಚೀಟಿ) ಅವಧಿ, ಮೊಬೈಲಿನಿಂದ ಇಂಜಿನ್ ಬಂದ್ ಮಾಡೂದು, ಎಐ ಕ್ಯಾಮೆರಾ, ಇಷ್ಟು ಕೊಟ್ಟಾರ. ಕ್ಯಾಮೆರಾಕ್ಕ ಬ್ಯಾರೆ ರೊಕ್ಕ, ಉಳಿದಿದ್ದು ಪ್ಯಾಕೇಜಿನಾಗ ಬರ್ತೈತಿ. ಟ್ರಯಲ್ ಅಂತ ಎಲ್ಲಾ ಆನ್ ಮಾಡಿದ್ರ ರಾತ್ರಿ ಇಡೀ ಫೋನ್ ಬಡಕೊಂತೈತಿ. ಚಾವಿ ತಗದ ಕೂಡ್ಲೇ ‘ಡೀಸೆಲ್ ಕಳವು’ ಅಂತೈತಿ, ಗ್ರಾಫ್ ನೋಡಿದ್ರ ಟ್ಯಾಂಕ್ ಸೊನ್ನಿ. ಬೆಳಿಗ್ಗಿ ಚಾವಿ ಹಾಕಿದ್ರ ಮತ್ತ ಅಷ್ಟೇ ಡೀಸೆಲ್ ತೋರಸ್ತೈತಿ.

ಡೀಸೆಲ್‌ಗೆ ಬ್ಯಾರೆ ಸೆನ್ಸರ್ ಹಾಕಬೇಕೇನು? ಇಂಜಿನ್ ಬಂದ್ ಮಾಡೂದು ಇಟ್ಕೊಳ್ಳೂದು ಚಲೋನ? ಯಾವ್ದರಿಂದ ಶುರು ಮಾಡೂದು, ಗೊತ್ತಿದ್ದಾವ್ರು ಹೇಳ್ರಿ.

---

ವೈರಿಂಗ್_ಮೇಷ್ಟ್ರು

ಸೊನ್ನೆ ತೋರಿಸೋದು ಸಾಫ್ಟ್‌ವೇರ್ ತಪ್ಪಲ್ಲ. ನಿಮ್ಮ ಡಿವೈಸ್‌ನ ಅನಲಾಗ್ ವೈರನ್ನ ಗಾಡಿಯ ಮೂಲ ಫ್ಲೋಟ್‌ಗೇ (ಟ್ಯಾಂಕಿನೊಳಗೆ ಡೀಸೆಲ್ ಮಟ್ಟ ತೋರಿಸೋ ತೇಲು) ಕಟ್ಟಿದ್ದಾರೆ. ಆ ಫ್ಲೋಟ್‌ಗೆ ಕರೆಂಟ್ ಬರೋದು ಮೀಟರ್ ಕಡೆಯಿಂದ. ಚಾವಿ ತೆಗೆದರೆ ಮೀಟರ್ ಆಫ್, ಫ್ಲೋಟ್ ವೋಲ್ಟೇಜೂ ಹೋಯ್ತು. ಸಾಫ್ಟ್‌ವೇರ್ ಅದನ್ನೇ ಖಾಲಿ ಟ್ಯಾಂಕ್ ಅಂತ ಓದುತ್ತೆ. ಇಗ್ನಿಶನ್ (ಚಾವಿ) ಆಫ್ ಇದ್ದಾಗ ಬರೋ ಡೀಸೆಲ್ ಓದಿಕೆಯನ್ನ ಬಿಟ್ಟುಬಿಡೋ ಸೆಟ್ಟಿಂಗ್ ಇರುತ್ತೆ, ಅದನ್ನ ಹಾಕಿಸಿ. ಆಮೇಲೆ ಚಾವಿ ತೆಗೆಯೋ ಮುಂಚಿನ ಕೊನೇ ಓದಿಕೆ, ಮರುದಿನ ಚಾವಿ ಹಾಕಿ ಎರಡು ನಿಮಿಷ ಆದ ಮೇಲಿನ ಓದಿಕೆ, ಇವೆರಡನ್ನ ಹೋಲಿಸೋಕೆ ಹೇಳಿ. ರಾತ್ರಿ ಕಳವಾದರೆ ಗೊತ್ತಾಗೋದು ಬೆಳಿಗ್ಗೆಯೇ. ಫ್ಲೋಟ್‌ನಿಂದ ಇದಕ್ಕಿಂತ ಹೆಚ್ಚು ಸಿಗಲ್ಲ.

ಆದರೆ ಅದಕ್ಕೂ ಮುಂಚೆ ಒಂದು ದಿನ ಗಾಡಿಗಳನ್ನ ಶೆಡ್ಡಲ್ಲಿ ನಿಲ್ಲಿಸಿ ವೈರಿಂಗ್ ನೋಡಿಸಿ. ಇಗ್ನಿಶನ್ ಸರಿಯಾಗಿ ಸಿಗದಿದ್ದರೆ ಟ್ರಿಪ್, ಹಾಲ್ಟ್, ಐಡ್ಲಿಂಗ್ (ನಿಂತಲ್ಲೇ ಇಂಜಿನ್ ಓಡೋದು), ಡೀಸೆಲ್ ಯಾವ ರಿಪೋರ್ಟೂ ನೆಟ್ಟಗೆ ಬರಲ್ಲ.

ಪ್ಲಸ್ ವೈರ್ ನೇರ ಬ್ಯಾಟರಿಯಿಂದ ಬರಬೇಕು, ಬ್ಯಾಟರಿ ಕಟ್-ಆಫ್ ಸ್ವಿಚ್‌ನ ಆಚೆ ಕಡೆಯಿಂದಲ್ಲ. ಡ್ರೈವರ್ ರಾತ್ರಿ ಕಟ್-ಆಫ್ ತಿರುಗಿಸಿದರೆ ಡಿವೈಸ್ ತನ್ನ ಒಳಗಿನ ಬ್ಯಾಟರಿಗೆ ಹೋಗುತ್ತೆ, ‘ಪವರ್ ಕಟ್’ ಅಲರ್ಟ್ ಕಳಿಸುತ್ತೆ, ಕೆಲವು ಗಂಟೆ ಬಿಟ್ಟು ಸತ್ತುಹೋಗುತ್ತೆ. ನಿಮ್ಮ ಫೋನ್ ರಾತ್ರಿ ಬಡ್ಕೊಳ್ಳೋದರಲ್ಲಿ ಇದರ ಪಾಲೂ ಇರಬಹುದು. 2 ಅಥವಾ 3 ಆಂಪ್ ಫ್ಯೂಸ್ ಬ್ಯಾಟರಿ ಹತ್ತಿರವೇ ಇರಲಿ. ಅರ್ತ್‌ನ ಚಾಸಿಗೆ ಕಟ್ಟೋದಾದರೆ ಪೇಂಟ್ ಕೆರೆದು ಬೋಲ್ಟ್ ಹಾಕಿ. ಸಡಿಲ ಅರ್ತ್ ಇದ್ದರೆ ಡೀಸೆಲ್ ಗ್ರಾಫ್ ಗರಗಸದ ಹಲ್ಲಿನ ಹಾಗೆ ಬರುತ್ತೆ.

ಇಗ್ನಿಶನ್ ವೈರನ್ನ ಚಾವಿ ಸ್ವಿಚ್‌ನ ‘ಆನ್’ ಲೈನಿಂದ ತಗೊಳ್ಳಿ. ರೇಡಿಯೋಗೆ ಹೋಗೋ ಲೈನಿಂದ ತಗೊಂಡರೆ ಸ್ಟಾರ್ಟ್ ಹೊಡೆಯುವಾಗ ಕ್ಷಣಕಾಲ ಕಟ್ಟಾಗಿ ಒಂದೇ ಟ್ರಿಪ್ ಎರಡಾಗುತ್ತೆ. ಕೆಲವರು ವೈರೇ ಎಳೆಯದೆ ಬ್ಯಾಟರಿ ವೋಲ್ಟೇಜ್ ನೋಡಿ ಇಂಜಿನ್ ಓಡ್ತಿದೆ ಅಂತ ಊಹಿಸೋ ಸೆಟ್ಟಿಂಗ್ ಹಾಕಿ ಹೋಗಿರ್ತಾರೆ. 24 ವೋಲ್ಟ್ ಗಾಡಿಯಲ್ಲಿ ಇಂಜಿನ್ ಓಡುವಾಗ ಸುಮಾರು 27.5ರಿಂದ 28.5, ನಿಂತಾಗ 25ರ ಆಸುಪಾಸು. ಆಲ್ಟರ್ನೇಟರ್ ಸೋತಿದ್ದರೆ ಈ ಲೆಕ್ಕ ಕೆಡುತ್ತೆ.

---

ಡೀಸೆಲ್_ಲೆಕ್ಕ

ಮೇಷ್ಟ್ರು ಹೇಳಿದ್ದಕ್ಕೆ ಮುಂದುವರಿಕೆ. ಬೇರೆ ಸೆನ್ಸರ್ ಅಂದರೆ ಟ್ಯಾಂಕಿನೊಳಗೆ ಇಳಿಸಿ ಡೀಸೆಲ್ ಮಟ್ಟ ಅಳೆಯುವ ರಾಡ್ ಸೆನ್ಸರ್, ಅದನ್ನು 12 ಲಾರಿಗೂ ಒಂದೇ ಸಲ ಹಾಕಿಸಬೇಡಿ. ಮೈಲೇಜ್ ಅನುಮಾನ ಇರುವ ಎರಡು ಗಾಡಿಗೆ ಹಾಕಿ ನೋಡಿ.

ಟ್ಯಾಂಕಿನ ನಡುಮಧ್ಯೆ ತೂತು ಕೊರೆಯಬೇಕು. ಅಂಚಿಗೆ ಹಾಕಿದರೆ ಘಟ್ಟ ಹತ್ತುವಾಗ ಡೀಸೆಲ್ ಒಂದು ಬದಿಗೆ ಸರಿದು ಲೆಕ್ಕ ತಪ್ಪುತ್ತದೆ. ಕೊರೆಯುವ ಮೊದಲು ಟ್ಯಾಂಕ್ ಇಳಿಸಿ, ಖಾಲಿ ಮಾಡಿ, ಚೆನ್ನಾಗಿ ತೊಳೆದಿರಬೇಕು. ರಾಡನ್ನು ಟ್ಯಾಂಕಿನ ಆಳಕ್ಕಿಂತ ಸುಮಾರು 2 ಸೆಂ.ಮೀ. ಗಿಡ್ಡವಾಗಿ ಕತ್ತರಿಸಬೇಕು. ತಳಕ್ಕೆ ತಾಗಿದರೆ ಅಲ್ಲಿ ಕೂತಿರುವ ನೀರು, ಕೆಸರು ಓದಿಕೆಯನ್ನು ಕೆಡಿಸುತ್ತವೆ.

ಎಲ್ಲರೂ ತಪ್ಪಿಸಿಕೊಳ್ಳುವ ಕೆಲಸ ಕ್ಯಾಲಿಬ್ರೇಶನ್. ಫಿಟ್ಟರ್ ಖಾಲಿ ಮತ್ತು ಫುಲ್ ಎರಡೇ ಅಂಕಿ ಹಾಕಿ ಹೊರಟುಬಿಡುತ್ತಾನೆ. ಟ್ಯಾಂಕಿನ ಮೂಲೆ ದುಂಡಗಿರುವುದರಿಂದ ಕೆಳಗೆ ಒಂದು ಸೆಂ.ಮೀ.ಗೆ ಇರುವಷ್ಟೇ ಲೀಟರ್ ಮಧ್ಯದಲ್ಲಿ ಇರುವುದಿಲ್ಲ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಖಾಲಿ ಟ್ಯಾಂಕಿಗೆ 20 ಲೀಟರ್‌ನಂತೆ ಹಾಕುತ್ತಾ, ಪ್ರತಿ ಸಲ ಎರಡು ನಿಮಿಷ ಕಾದು, ಸೆನ್ಸರ್ ಅಂಕಿ ಬರೆದುಕೊಳ್ಳಬೇಕು. 360 ಲೀಟರ್ ಟ್ಯಾಂಕಿಗೆ 18 ಸಾಲಿನ ಪಟ್ಟಿಯಾಗುತ್ತದೆ. ಅರ್ಧ ದಿನದ ಕೆಲಸ, ನಿಮ್ಮ ಮನುಷ್ಯ ಒಬ್ಬ ಜೊತೆಗೆ ನಿಂತಿರಲಿ. ಆ ಪಟ್ಟಿಯ ಪ್ರತಿಯೂ ನಿಮ್ಮ ಹತ್ತಿರ ಇರಲಿ, ಸಾಫ್ಟ್‌ವೇರ್ ಬದಲಿಸಿದಾಗ ಬೇಕಾಗುತ್ತದೆ. ಎರಡು ಟ್ಯಾಂಕ್ ಇದ್ದರೆ ಎರಡಕ್ಕೂ ಸೆನ್ಸರ್ ಬೇಕು.

ಅಲರ್ಟ್ ಮಿತಿ: ಇಗ್ನಿಶನ್ ಆಫ್, ಗಾಡಿ ನಿಂತಿದೆ, 10 ನಿಮಿಷದಲ್ಲಿ 10 ಲೀಟರ್‌ಗಿಂತ ಹೆಚ್ಚು ಇಳಿದಿದೆ, ಈ ಮೂರೂ ಸೇರಿದರೆ ಮಾತ್ರ. 3–4 ಲೀಟರ್‌ಗೆಲ್ಲ ಅಲರ್ಟ್ ಇಟ್ಟರೆ ಸುಳ್ಳು ಕಳ್ಳತನವೇ ಜಾಸ್ತಿ. 10 ಡಿಗ್ರಿ ಬಿಸಿ ಏರಿಳಿದರೆ 350 ಲೀಟರ್ ಡೀಸೆಲ್ ತಾನಾಗಿಯೇ ಸುಮಾರು 3 ಲೀಟರ್ ಹಿಗ್ಗುತ್ತದೆ, ಕುಗ್ಗುತ್ತದೆ. ರಿಟರ್ನ್ ಪೈಪಿನಿಂದ ಓಡುವಾಗಲೇ ಸ್ವಲ್ಪ ಸ್ವಲ್ಪ ತೆಗೆಯುವವರು ಈ ಅಲರ್ಟಿಗೆ ಸಿಗುವುದಿಲ್ಲ. ಅದು ಕಾಣುವುದು ಟ್ರಿಪ್ ಮೈಲೇಜಿನಲ್ಲಿ, ಅದೂ ಒಂದೇ ರೂಟು, ಹೆಚ್ಚುಕಡಿಮೆ ಒಂದೇ ಲೋಡಿನ ಟ್ರಿಪ್‌ಗಳನ್ನು ಪಕ್ಕಪಕ್ಕ ಇಟ್ಟಾಗ. ಬಂಕ್ ಬಿಲ್ಲನ್ನೂ ಗ್ರಾಫಿನ ಏರಿಕೆಗೆ ತಾಳೆ ನೋಡಿ. ಬಿಲ್ 200, ಗ್ರಾಫ್ ಏರಿದ್ದು 170 ಅಂದರೆ ಟ್ಯಾಂಕಿಗೆ ಬೀಳದ 30 ಲೀಟರ್ ಎಲ್ಲಿ ಅಂತ ಕೇಳಬಹುದು.

ಗಾಡಿ ಬಿಎಸ್6 (ಹೊಸ ಹೊಗೆ ನಿಯಮದ್ದು) ಆಗಿದ್ದರೆ ಇನ್ನೊಂದು ದಾರಿ ಇದೆ. ಕ್ಯಾನ್ ವೈರಿನ (ಗಾಡಿಯ ಕಂಪ್ಯೂಟರ್‌ಗಳು ಮಾಹಿತಿ ಹಂಚಿಕೊಳ್ಳುವ ವೈರ್) ಮೇಲೆ ಕ್ಲಿಪ್ ಹಾಕಿ ಇಂಜಿನ್ ಕಂಪ್ಯೂಟರಿನಿಂದಲೇ ಓದುವುದು. ಆ ವೈರಿನಲ್ಲಿ ಲಾರಿಗಳು ಬಳಸುವ ಜೆ1939 ಎಂಬ ಸಂದೇಶ ಪದ್ಧತಿಯಲ್ಲಿ ಇಂಜಿನ್ ಸುಟ್ಟ ಒಟ್ಟು ಡೀಸೆಲ್ 65257ನೇ ಸಂದೇಶದಲ್ಲಿ, ಇಂಜಿನ್ ಗಂಟೆಗಳು 65253ರಲ್ಲಿ ಬರುತ್ತವೆ. ನಿಮ್ಮ ಗಾಡಿ ಇವನ್ನು ಕಳಿಸುತ್ತದೆಯೇ ಎಂದು ಮೊದಲು ಒಂದಕ್ಕೆ ಕ್ಲಿಪ್ ಹಾಕಿ ಪರೀಕ್ಷಿಸಲಿ. ಇಂಜಿನ್ ಸುಟ್ಟದ್ದು ಮತ್ತು ಟ್ಯಾಂಕಿಗೆ ಹಾಕಿದ್ದು ಎರಡೂ ಕೈಯಲ್ಲಿದ್ದರೆ ವಾದಕ್ಕೆ ಜಾಗವಿಲ್ಲ. ವೈರ್ ಕತ್ತರಿಸಿ ಜೋಡಿಸಲು ಬಿಡಬೇಡಿ, ವಾರಂಟಿ ತಕರಾರು ಬರುತ್ತದೆ.

---

ಕುಡ್ಲ_ಟ್ರಾನ್ಸ್‌ಪೋರ್ಟ್

ಇಂಜಿನ್ ಬಂದ್ ಮಾಡುವ ಬಟನ್ ಬಗ್ಗೆ ಸ್ವಲ್ಪ ಜಾಗ್ರತೆ ಮಾರಾಯ್ರೆ. ಅರಬೈಲ್ ಘಟ್ಟ ಇಳಿಯುವಾಗ ಯಾರಾದರೂ ಆಫೀಸಿನಲ್ಲಿ ಕೂತು ಅದನ್ನು ಒತ್ತಿದರೆ ಪವರ್ ಸ್ಟೀರಿಂಗ್ ಕಲ್ಲಾಗುತ್ತದೆ, ಎಕ್ಸಾಸ್ಟ್ ಬ್ರೇಕ್ ಹೋಗುತ್ತದೆ, ಕಂಪ್ರೆಸರ್ ನಿಂತು ಏರ್ ಟ್ಯಾಂಕಲ್ಲಿ ಉಳಿದ ಗಾಳಿ ಎಷ್ಟು ಬ್ರೇಕಿಗೆ ಬರುತ್ತದೋ ಅಷ್ಟೇ.

ಆ ಬಟನ್ ಒತ್ತಿದಾಗ ಲೈನ್ ಕಡಿಯುವ ರಿಲೇಯನ್ನು ಡೀಸೆಲ್ ಪಂಪಿನ ಲೈನಿಗೆ ಹಾಕಬೇಡಿ, ಸ್ಟಾರ್ಟರ್ ಲೈನಿಗೆ ಹಾಕಿಸಿ. ಆಗ ಓಡುವ ಗಾಡಿ ನಿಲ್ಲುವುದಿಲ್ಲ, ನಿಂತ ಗಾಡಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಕಳ್ಳತನಕ್ಕೆ ಅಷ್ಟು ಸಾಕು. ರಿಲೇ 24 ವೋಲ್ಟಿನದೇ ಆಗಿರಬೇಕು, ಕಾರಿನ 12 ವೋಲ್ಟಿನ ರಿಲೇ ಹಾಕಿದರೆ ಕಾಯಿಲ್ ಸುಡುತ್ತದೆ. ಕಮಾಂಡ್ ಕಳಿಸುವ ಅಧಿಕಾರ ಎರಡೇ ಜನಕ್ಕೆ ಇರಲಿ. ಎಲ್ಲ ಯೂಸರ್‌ಗೂ ಒಂದೇ ಪಾಸ್‌ವರ್ಡ್ ಕೊಟ್ಟಿದ್ದರೆ ಇವತ್ತೇ ಬದಲಿಸಿ.

ಇ-ವೇ ಬಿಲ್ ಫೀಚರ್ ಮಾತ್ರ ಕಣ್ಣು ಮುಚ್ಚಿ ಆನ್ ಮಾಡಿ. ಬಿಲ್ಲಿನ ಅವಧಿ 200 ಕಿ.ಮೀ.ಗೆ ಒಂದು ದಿನದ ಲೆಕ್ಕ. ಹುಬ್ಬಳ್ಳಿ–ಮಂಗಳೂರು 200ರ ಮೇಲೆ, 400ರ ಒಳಗೆ, ಹಾಗಾಗಿ ಎರಡು ದಿನ. ಪಾರ್ಟ್-ಬಿಯಲ್ಲಿ ಗಾಡಿ ನಂಬರ್ ಮೊದಲ ಸಲ ಹಾಕಿದಾಗಿನಿಂದ ಎಣಿಕೆ ಶುರು. ಅವಧಿ ಮುಗಿಯುವ 8 ಗಂಟೆ ಮೊದಲಿಂದ ಮುಗಿದು 8 ಗಂಟೆವರೆಗೆ ಮಾತ್ರ ವಿಸ್ತರಿಸಲಿಕ್ಕೆ ಆಗುವುದು. ಅಲರ್ಟನ್ನು ಸರಿಯಾಗಿ ಆ 8 ಗಂಟೆಯ ಬಾಗಿಲಿಗೇ ಇಡಿ. 24 ಗಂಟೆ ಮೊದಲು ಬಂದರೆ ಏನೂ ಮಾಡಲಿಕ್ಕಾಗದೆ ಮರೆತುಹೋಗುತ್ತದೆ. ದಾರಿಯಲ್ಲಿ ಗಾಡಿ ಕೆಟ್ಟು ಲೋಡ್ ಬೇರೆ ಗಾಡಿಗೆ ಹಾಕಿದರೆ ಪಾರ್ಟ್-ಬಿ ಬದಲಿಸಬೇಕು. ಸಾಫ್ಟ್‌ವೇರಿಗೆ ಅದು ತಾನಾಗಿ ಗೊತ್ತಾಗುವುದಿಲ್ಲ, ಹಳೇ ಗಾಡಿಯ ಜಾಗವನ್ನೇ ತೋರಿಸುತ್ತಾ ಇರುತ್ತದೆ.

ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಪರ್ಮಿಟ್, ಹೊಗೆ ಸರ್ಟಿಫಿಕೇಟ್ ತಾರೀಕುಗಳನ್ನೂ ಅದರಲ್ಲೇ ಹಾಕಿಬಿಡಿ.

---

ಸರ್ವರ್_ಕಾವಲು

ಅಲರ್ಟ್ ಗಲಾಟೆಗೆ ಇನ್ನೊಂದು ಕಾರಣವಿದೆ. ಘಟ್ಟದಲ್ಲಿ ನೆಟ್‌ವರ್ಕ್ ಹೋದಾಗ ಡಿವೈಸ್ ಡೇಟಾವನ್ನು ಒಳಗೇ ಕೂಡಿಟ್ಟುಕೊಂಡು, ಸಿಗ್ನಲ್ ಸಿಕ್ಕ ಮೇಲೆ ಒಟ್ಟಿಗೆ ಸುರಿಯುತ್ತೆ. ಮುಕ್ಕಾಲು ಗಂಟೆ ಹಿಂದಿನ ಓವರ್‌ಸ್ಪೀಡ್, ಹಾಲ್ಟ್ ಎಲ್ಲವೂ ಈಗ ನಡೆದ ಹಾಗೆ ಬರುತ್ತೆ. ಅಲರ್ಟ್ ಮೆಸೇಜಿನಲ್ಲಿ ಸರ್ವರ್ ಟೈಮ್ ಬೇಡ, ಜಿಪಿಎಸ್ ಟೈಮ್ ತೋರಿಸಿ ಅಂತ ಹೇಳಿ. 15 ನಿಮಿಷಕ್ಕಿಂತ ಹಳೇ ಘಟನೆ ಫೋನಿಗೆ ಬರದೆ ರಿಪೋರ್ಟಿಗೆ ಮಾತ್ರ ಹೋಗಲಿ.

ಓವರ್‌ಸ್ಪೀಡ್‌ಗೆ ಅವಧಿ ಕಟ್ಟಿ. ವೇಗಕ್ಕೆ ಮಿತಿ ಹಾಕೋ ಸ್ಪೀಡ್ ಗವರ್ನರ್ 80ಕ್ಕೆ ಇದ್ದರೆ ಅಲರ್ಟ್ 85 ದಾಟಿ 30 ಸೆಕೆಂಡ್ ಉಳಿದರೆ ಮಾತ್ರ. ಜಿಪಿಎಸ್ ಒಂದು ಕ್ಷಣ ಹಾರಿ 110 ತೋರಿಸೋದು ಅದರಿಂದಲೇ ನಿಲ್ಲುತ್ತೆ. ಗವರ್ನರ್ ಇರೋ ಗಾಡಿ ಸಮತಟ್ಟು ರಸ್ತೆಯಲ್ಲಿ ನಿಜವಾಗಿಯೂ ನಿಮಿಷಗಟ್ಟಲೆ 95ರಲ್ಲಿ ಓಡಿದ್ದರೆ ಗವರ್ನರ್ ವೈರ್ ಕಿತ್ತಿದ್ದಾರೆ ಅಂತಲೇ ಲೆಕ್ಕ. ಸ್ವಂತ ಸರ್ವರಿನಲ್ಲಿ ಟ್ರಾಕಾರ್ ಅನ್ನೋ ಟ್ರ್ಯಾಕಿಂಗ್ ಸಾಫ್ಟ್‌ವೇರ್ ಓಡಿಸೋರಿಗೆ ಒಂದು ಮಾತು: ಅದು ಒಳಗೆ ವೇಗವನ್ನ ನಾಟ್‌ನಲ್ಲಿ (ಹಡಗಿನ ವೇಗದ ಅಳತೆ) ಇಟ್ಟುಕೊಳ್ಳುತ್ತೆ. ಸೂತ್ರ ಬರೆಯುವಾಗ 80 ಕಿ.ಮೀ.ಗೆ 43.2 ಅಂತ ಬರೀಬೇಕು. ಇಲ್ಲದಿದ್ದರೆ 148 ಕಿ.ಮೀ. ವೇಗಕ್ಕೇ ಅಲರ್ಟ್.

ರೂಟ್ ಅಲರ್ಟಿಗೆ ಮ್ಯಾಪಿನಲ್ಲಿ ಎಳೆಯೋ ಗೆರೆಯ ಅಗಲ ಎರಡೂ ಕಡೆ 150–200 ಮೀಟರ್ ಇರಲಿ. 25 ಮೀಟರ್ ಇಟ್ಟರೆ ಸರ್ವಿಸ್ ರೋಡಿಗೆ ಇಳಿದರೂ, ಊಟಕ್ಕೆ ಧಾಬಾದೊಳಗೆ ಗಾಡಿ ಹಾಕಿದರೂ ರೂಟ್ ಬಿಟ್ಟ ಅಂತ ಬರುತ್ತೆ. ಘಟ್ಟದ ತಿರುವುಗಳಲ್ಲಿ ಬಿಂದುಗಳನ್ನ ಒತ್ತೊತ್ತಾಗಿ ಹಾಕಬೇಕು, ಬೈಪಾಸ್ ಇರೋ ಕಡೆ ಎರಡೂ ದಾರಿ ಸೇರಿಸಬೇಕು.

ಡ್ರೈವರ್ ಸ್ಕೋರನ್ನ ಮೊದಲ ತಿಂಗಳು ಯಾರಿಗೂ ತೋರಿಸಬೇಡಿ, ಸಂಬಳಕ್ಕಂತೂ ಜೋಡಿಸಲೇಬೇಡಿ. ಡಿವೈಸನ್ನ ಡ್ಯಾಶ್‌ಬೋರ್ಡ್ ಹಿಂದೆ ಜಿಪ್ ಟೈನಲ್ಲಿ ನೇತುಹಾಕಿದ್ದರೆ ಪ್ರತಿ ಗುಂಡಿಯೂ ‘ಹಾರ್ಶ್ ಬ್ರೇಕ್’. ಸ್ಕ್ರೂ ಹಾಕಿ ಗಟ್ಟಿ ಮಾಡಿಸಿದ ಮೇಲೆ ಬರೋ ಅಂಕಿಯನ್ನಷ್ಟೇ ನಂಬಿ.

---

ಡೀಸೆಲ್_ಲೆಕ್ಕ

ಸ್ಕೋರ್ ವಿಷಯದಲ್ಲಿ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇಡವೇ ಬೇಡ ಅನ್ನುತ್ತೇನೆ. ಅದರ ಬದಲು ಐಡ್ಲಿಂಗ್ ಗಂಟೆ ಒಂದನ್ನೇ ನೋಡಿ. ಇಷ್ಟು ದೊಡ್ಡ ಇಂಜಿನ್ ಸುಮ್ಮನೆ ನಿಂತು ಓಡಿದರೆ ಗಂಟೆಗೆ ಸುಮಾರು 2 ಲೀಟರ್ ಹೋಗುತ್ತದೆ. ಬಿಎಸ್6 ಗಾಡಿಯಲ್ಲಿ ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕೂತ ಮಸಿ ಸುಡಲು ಡ್ರೈವರ್ ಗಾಡಿ ನಿಲ್ಲಿಸಿ ಇಂಜಿನ್ ಓಡಿಸಲೇಬೇಕಾದ ಸಂದರ್ಭ ಇರುತ್ತದೆ. ಅದಕ್ಕೆ ದಂಡ ಹಾಕಿದರೆ ಮುಂದಿನ ಸಲ ಅವನು ಲೈಟ್ ಉರಿದರೂ ಓಡಿಸುತ್ತಾನೆ, ಫಿಲ್ಟರ್ ಕಟ್ಟಿಕೊಂಡು ಶೋರೂಮ್ ಬಿಲ್ ನಿಮಗೆ.

---

ಹುಬ್ಬಳ್ಳಿ_ಲೋಡ್

ಭಾಳ ಉಪಕಾರ ಆತ್ರೀ. ಫ್ಲೋಟಿನ ವಿಷ್ಯ ಈಗ ತಿಳೀತು. ಎರಡು ಲಾರಿಗೆ ರಾಡ್ ಹಾಕಸ್ತೀವಿ, ಕಟ್-ಆಫ್ ಸ್ವಿಚ್ ಎಲ್ಲಾ ಗಾಡೀದೂ ನೋಡಸ್ತೀವಿ. ಟಿಪ್ಪರ್‌ಗೆ ಏನರ ಬ್ಯಾರೆ ಐತೇನು? ಮತ್ತ ಕ್ಯಾಮೆರಾ ಬಗ್ಗೆ ಯಾರೂ ಹೇಳ್ಲಿಲ್ಲಲ್ರೀ.

---

ವೈರಿಂಗ್_ಮೇಷ್ಟ್ರು

ಟಿಪ್ಪರ್‌ನಲ್ಲಿ ಡಿವೈಸಿನ ಖಾಲಿ ಡಿಜಿಟಲ್ ಇನ್‌ಪುಟ್‌ಗೆ ಪಿಟಿಒ (ಇಂಜಿನ್ ಶಕ್ತಿಯನ್ನ ಬಕೆಟ್ ಎತ್ತೋ ಪಂಪಿಗೆ ಕೊಡೋದು) ಲೈಟಿನ ವೈರ್ ಕೊಡಿ. ಎಷ್ಟು ಹೊತ್ತಿಗೆ, ಎಲ್ಲಿ ಬಕೆಟ್ ಎತ್ತಿದ ಅಂತ ಬರುತ್ತೆ. ಕ್ವಾರಿ, ಸೈಟು ಎರಡಕ್ಕೂ ಜಿಯೋಫೆನ್ಸ್ (ಮ್ಯಾಪಿನಲ್ಲಿ ಎಳೆಯೋ ಬೇಲಿ) ಹಾಕಿ, ಸೈಟಿನ ಹೊರಗೆ ಪಿಟಿಒ ಆನ್ ಆದರೆ ಅಲರ್ಟ್. ಟ್ರಿಪ್ ಎಣಿಕೆಗೂ ಇದೇ ಆಗುತ್ತೆ. ಲೈಟಲ್ಲಿ 24 ವೋಲ್ಟ್ ಬರುತ್ತೆ, ಡಿವೈಸಿನ ಇನ್‌ಪುಟ್ ಅಷ್ಟು ತಡೆಯುತ್ತಾ ಅಂತ ನೋಡಿ ಕೊಡಿ. ಗಾಡಿಯ ಬಾಡಿಯನ್ನ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಟರ್ಮಿನಲ್ ಜೊತೆಗೆ ಡಿವೈಸಿನ ಸಾಕೆಟ್ಟೂ ಬಿಚ್ಚಿಸಿ.

---

ಸರ್ವರ್_ಕಾವಲು

ಕ್ಯಾಮೆರಾನ ರಾತ್ರಿ ಘಟ್ಟದಲ್ಲಿ ಓಡೋ ಲಾರಿಗೆ ಹಾಕಿ, ಟಿಪ್ಪರ್‌ಗೆ ಈಗಲೇ ಬೇಡ, ಕ್ವಾರಿ ಧೂಳಿಗೆ ಲೆನ್ಸ್ ದಿನಾ ಒರೆಸಬೇಕಾಗುತ್ತೆ.

ಲೆಕ್ಕ ಹೀಗಿದೆ. 2 ಎಂಬಿಪಿಎಸ್ ರೆಕಾರ್ಡಿಂಗ್ ಅಂದರೆ ಒಂದು ಕ್ಯಾಮೆರಾಕ್ಕೆ ಗಂಟೆಗೆ 0.9 ಜಿಬಿ. ಮುಂದೊಂದು, ಡ್ರೈವರ್ ಕಡೆ ಒಂದು ಇದ್ದರೆ 1.8 ಜಿಬಿ, 128 ಜಿಬಿ ಕಾರ್ಡಿನಲ್ಲಿ 65–70 ಗಂಟೆ ನಿಲ್ಲುತ್ತೆ. ಆಮೇಲೆ ಹಳೇದರ ಮೇಲೆ ಬರೆಯುತ್ತೆ. ಅಪಘಾತ ಆದರೆ ಗಾಡಿ ಮತ್ತೆ ಓಡಿಸೋ ಮುಂಚೆ ಕಾರ್ಡ್ ತೆಗೆಸಿ, ಇಲ್ಲವೇ ಆ ತುಣುಕನ್ನ ಆಗಲೇ ಸರ್ವರಿಗೆ ಎಳೆದುಕೊಳ್ಳಿ. ಲೈವ್ ನೋಡೋ ಚಟ ಬೇಡ, 0.5 ಎಂಬಿಪಿಎಸ್‌ನಲ್ಲೂ ಗಂಟೆಗೆ 225 ಎಂಬಿ ತಿನ್ನುತ್ತೆ. ಬರೀ ಟ್ರ್ಯಾಕಿಂಗ್‌ಗೆ ತೆಗೆದುಕೊಂಡ ಸಿಮ್ ಪ್ಲಾನ್ ಒಂದೇ ದಿನಕ್ಕೆ ಖಾಲಿ.

ಡ್ರೈವರ್ ಕಡೆಯ ಕ್ಯಾಮೆರಾ ಇನ್‌ಫ್ರಾರೆಡ್ ಇರೋದೇ ಬೇಕು, ಇಲ್ಲದಿದ್ದರೆ ರಾತ್ರಿ ಕಣ್ಣು ಮುಚ್ಚಿದ್ದು ಅದಕ್ಕೆ ಕಾಣಲ್ಲ. ಮುಖಕ್ಕೆ ನೇರವಾಗಿ, ಸ್ಟೀರಿಂಗ್ ಅಡ್ಡ ಬರದ ಹಾಗೆ ಕೂರಿಸಿ. ನಿದ್ದೆ ಅಲರ್ಟ್ ಮೊದಲು ಕ್ಯಾಬಿನ್ನಿನಲ್ಲೇ ಕೂಗಬೇಕು, ಆಫೀಸಿಗೆ ಬರೋದು ಆಮೇಲೆ. ರಾತ್ರಿ ಎರಡು ಗಂಟೆಗೆ ನಿಮ್ಮ ಫೋನಿಗೆ ಬಂದು ಏನು ಪ್ರಯೋಜನ? ಡ್ರೈವರ್‌ಗಳಿಗೆ ಏನೇನು ರೆಕಾರ್ಡ್ ಆಗುತ್ತೆ, ಯಾರು ನೋಡ್ತಾರೆ, ಎಷ್ಟು ದಿನ ಇರುತ್ತೆ ಅಂತ ಕನ್ನಡದಲ್ಲೇ ಬರೆದು ಸಹಿ ಹಾಕಿಸಿಕೊಳ್ಳಿ.

ಕಾರ್ಡ್ ಮಾತ್ರ ಹೈ ಎಂಡ್ಯೂರೆನ್ಸ್ ಅಂತ ಬರೆದಿರೋದೇ ತಗೊಳ್ಳಿ. ಫೋನಿಗೆ ಹಾಕೋ ಕಾರ್ಡ್ ಕ್ಯಾಬಿನ್ ಬಿಸಿಗೆ, ಸತತ ಬರವಣಿಗೆಗೆ ಕೆಲವೇ ತಿಂಗಳಲ್ಲಿ ಸಾಯುತ್ತೆ, ಡಿವೈಸ್ ಲೈಟ್ ಮಾತ್ರ ಹಸಿರಾಗೇ ಇರುತ್ತೆ. ‘ಸ್ಟೋರೇಜ್ ದೋಷ’ ಅನ್ನೋ ಅಲರ್ಟ್ ಹೊಸ ವರ್ಶನ್‌ನಲ್ಲಿ ಇದೆಯಾ ಅಂತ ಕೊಟ್ಟವರನ್ನ ಕೇಳಿ. ಇಲ್ಲದಿದ್ದರೆ ವಾರಕ್ಕೊಮ್ಮೆ ಪ್ರತಿ ಗಾಡಿಯಿಂದ ಹಿಂದಿನ ದಿನದ ಒಂದು ನಿಮಿಷದ ವಿಡಿಯೋ ಎಳೆದು ನೋಡಬೇಕಾಗುತ್ತೆ.